ನಾಲ್ಕೂವರೆ ಲಕ್ಷದ ಟರ್ನ್‌ಟೇಬಲ್ ಬೇಕೇ? ಮೊದಲು ಮುಳ್ಳು ನೋಡಿ

ಪ್ರಶ್ನೆ: ನಾನು ಮೈಸೂರಿನಲ್ಲಿದ್ದೇನೆ. ಅಪ್ಪ ಕೂಡಿಟ್ಟ ಸುಮಾರು 300 ಎಲ್‌ಪಿ ರೆಕಾರ್ಡ್‌ಗಳಿವೆ. ಹೆಚ್ಚಿನವು ಕರ್ನಾಟಕ ಸಂಗೀತ, ಜೊತೆಗೆ ಕನ್ನಡ ಸಿನಿಮಾ ಹಾಡುಗಳ ಇಪಿಗಳು (ಚಿಕ್ಕ ರೆಕಾರ್ಡ್‌ಗಳು), ಒಂದಷ್ಟು 78ರ ಪ್ಲೇಟುಗಳು (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯವು). ಅಪ್ಪ ಇವನ್ನೆಲ್ಲ ಕೇಳುತ್ತಿದ್ದದ್ದು ಹಳೆಯ ಪೆಟ್ಟಿಗೆ ಪ್ಲೇಯರ್‌ನಲ್ಲಿ. ನಾಲ್ಕು ವರ್ಷದ ಹಿಂದೆ ನಾನು ಪ್ರೊ-ಜೆಕ್ಟ್ ಡೆಬ್ಯೂ ಕಾರ್ಬನ್ ಇವೊ ಟರ್ನ್‌ಟೇಬಲ್ ಕೊಂಡೆ. ಜೊತೆಗೆ ಬಂದ ಆರ್ಟೊಫೋನ್ 2ಎಂ ರೆಡ್ ಕಾರ್ಟ್ರಿಜ್ (ಮುಳ್ಳು ಕೂರುವ, ಅದರ ಅದುರನ್ನು ವಿದ್ಯುತ್ತಾಗಿಸುವ ಭಾಗ) ಈಗಲೂ ಹಾಗೇ ಇದೆ. ದಿನಕ್ಕೊಂದು ಎಲ್‌ಪಿ ಕೇಳುತ್ತೇನೆ. ಆಂಪ್ಲಿಫೈಯರ್‌ನಲ್ಲೇ ಫೋನೊ (ಕಾರ್ಟ್ರಿಜ್‌ನ ಕ್ಷೀಣ ವಿದ್ಯುತ್ತನ್ನು ಹಿಗ್ಗಿಸುವ ಭಾಗ) ಇದೆ, ಸ್ಪೀಕರ್‌ಗಳು ಚಿಕ್ಕವು. ಈಚೆಗೆ ಪ್ರತಿ ಬದಿಯ ಕೊನೆಯ ಹಾಡಿನಲ್ಲಿ ಸ, ಶ ಅಕ್ಷರಗಳು ಕರ್ಕಶವಾಗಿ ಸೀಳುತ್ತವೆ. ವೀಣೆಯ ಉದ್ದನೆಯ ಸ್ವರ ಅಲುಗಿದಂತೆ ಕೇಳುತ್ತದೆ. ವಾಲ್ಯೂಮ್ ಏರಿಸಿದರೆ ಗುಂಯ್ ಅನ್ನುತ್ತದೆ. ಚಟಪಟ ಸದ್ದಂತೂ ಇದ್ದೇ ಇದೆ. ಬೆಂಗಳೂರಿನ ಡೀಲರ್ ಒಬ್ಬರು ನಾಲ್ಕೂವರೆ ಲಕ್ಷದ ಟರ್ನ್‌ಟೇಬಲ್‌ಗೆ ಹೋಗಿ ಅನ್ನುತ್ತಾರೆ. ನ್ಯೂಜೆರ್ಸಿಯಲ್ಲಿರುವ ಚಿಕ್ಕಪ್ಪನ ಮಗ ತನ್ನ ಹಳೆಯ ಒಳ್ಳೆ ಟರ್ನ್‌ಟೇಬಲ್ ಕೊಡುತ್ತೇನೆ ಅನ್ನುತ್ತಾನೆ. ಏನು ಮಾಡಲಿ?

ಉತ್ತರ: ಈಗ ಕೊಳ್ಳಬೇಡಿ. ಎಂದೆಂದಿಗೂ ಬೇಡ ಅಂತ ಹೇಳುತ್ತಿಲ್ಲ. ಆದರೆ ನೀವು ಬರೆದ ನಾಲ್ಕು ತೊಂದರೆಗಳಲ್ಲಿ ಮೂರಕ್ಕೆ ಕಾರಣ ಟರ್ನ್‌ಟೇಬಲ್ ಅಲ್ಲ ಅಂತಲೇ ಕಾಣುತ್ತದೆ. ವೀಣೆಯ ಸ್ವರ ಅಲುಗುವುದು ಮಾತ್ರ ಟರ್ನ್‌ಟೇಬಲ್‌ನಿಂದಲೂ ಆಗಿರಬಹುದು, ರೆಕಾರ್ಡ್‌ನಿಂದಲೂ ಆಗಿರಬಹುದು. ಯಾವುದರಿಂದ ಅನ್ನುವುದನ್ನು ಮನೆಯಲ್ಲೇ ಕೂತು ಪತ್ತೆ ಮಾಡಬಹುದು. ಅದಕ್ಕೆ ಮೊದಲು ನೀವು ಇವತ್ತೇ ಮಾಡಬೇಕಾದ ಕೆಲಸ ಒಂದಿದೆ: ಆ ಮುಳ್ಳಿನಲ್ಲಿ ರೆಕಾರ್ಡ್ ಹಾಕುವುದನ್ನು ನಿಲ್ಲಿಸಿ.

ಲೆಕ್ಕ ಹಾಕಿ ನೋಡಿ. ಒಂದು ಎಲ್‌ಪಿ ಎಂದರೆ ಎರಡೂ ಬದಿ ಸೇರಿ ಸುಮಾರು 40 ನಿಮಿಷ. ದಿನಕ್ಕೊಂದರಂತೆ ವರ್ಷಕ್ಕೆ ಹತ್ತಿರ ಹತ್ತಿರ 240 ಗಂಟೆ. ನಾಲ್ಕು ವರ್ಷಕ್ಕೆ 960 ಗಂಟೆ ದಾಟುತ್ತದೆ. ಚೆನ್ನಾಗಿ ನೋಡಿಕೊಂಡರೆ ಮುಳ್ಳು 1,000 ಗಂಟೆಯವರೆಗೆ ಬಾಳಬಹುದು ಎಂದು ಆರ್ಟೊಫೋನ್ ಹೇಳುತ್ತದೆ. ಅದು ಶುದ್ಧವಾದ ರೆಕಾರ್ಡ್‌ಗಳ ಲೆಕ್ಕ. ಆಡಿಯೊ-ಟೆಕ್ನಿಕಾ ಕಂಪನಿ ತನ್ನ ಮಾಮೂಲಿ ಎಲಿಪ್ಟಿಕಲ್ (ಅಂಡಾಕಾರದ ತುದಿಯ) ಮುಳ್ಳಿಗೆ ಹೇಳುವುದು ಬರೀ 300 ಗಂಟೆ. ನಿಮ್ಮ ರೆಕಾರ್ಡ್‌ಗಳು ಚಟಪಟ ಅನ್ನುತ್ತಿವೆ, ಅಂದರೆ ಧೂಳಿದೆ. ಧೂಳಿನ ಗ್ರೂವ್‌ನಲ್ಲಿ, ಅಂದರೆ ಮುಳ್ಳು ಓಡುವ ಗೀರಿನಲ್ಲಿ, ಮುಳ್ಳಿನ ತುದಿಯ ವಜ್ರವೂ ಬೇಗ ಸವೆಯುತ್ತದೆ. ಯಾವ ಲೆಕ್ಕ ಹಿಡಿದರೂ ನಿಮ್ಮ ಮುಳ್ಳಿನ ಕಾಲ ಮುಗಿದಿದೆ.

ಸವೆದ ಮುಳ್ಳು ಮೊಂಡಾಗುತ್ತದೆ ಅಂತ ಹೆಚ್ಚಿನವರು ಅಂದುಕೊಂಡಿದ್ದಾರೆ. ಆಗುವುದು ಬೇರೆ. ಗ್ರೂವ್‌ನ ಎರಡು ಗೋಡೆಗಳಿಗೆ ತಾಗುವ ಜಾಗದಲ್ಲಿ ಅದು ಚಪ್ಪಟೆಯಾಗುತ್ತದೆ. ಚಪ್ಪಟೆಯಾದ ಜಾಗಕ್ಕೆ ಚೂಪಾದ ಅಂಚು ಬರುತ್ತದೆ. ಆ ಅಂಚು ಉಳಿಯಂತೆ ವಿನೈಲನ್ನು ಕೆತ್ತುತ್ತಾ ಹೋಗುತ್ತದೆ. ಒಮ್ಮೆ ಕೆತ್ತಿಹೋದ ಗ್ರೂವ್ ಎಷ್ಟು ಲಕ್ಷದ ಯಂತ್ರ ತಂದರೂ ಸರಿಯಾಗುವುದಿಲ್ಲ. ಅಪ್ಪ ಕೂಡಿಟ್ಟ ರೆಕಾರ್ಡ್‌ಗಳಲ್ಲಿ ಎಷ್ಟೋ ಇವತ್ತು ಮತ್ತೆ ಸಿಗುವುದಿಲ್ಲ. ಅದಕ್ಕೇ ಇಷ್ಟು ಅವಸರ ಮಾಡಿ ಹೇಳುತ್ತಿದ್ದೇನೆ.

ಕೊನೆಯ ಹಾಡು ಮಾತ್ರ ಯಾಕೆ ಸೀಳುತ್ತದೆ? ರೆಕಾರ್ಡ್ ಒಂದೇ ವೇಗದಲ್ಲಿ, ನಿಮಿಷಕ್ಕೆ 33⅓ ಸುತ್ತು, ತಿರುಗುತ್ತದೆ ನಿಜ. ಆದರೆ ಮುಳ್ಳಿನ ಕೆಳಗೆ ಹರಿಯುವ ಗ್ರೂವ್‌ನ ವೇಗ ಒಂದೇ ಅಲ್ಲ. ಹೊರ ಅಂಚಿನಲ್ಲಿ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಗ್ರೂವ್ ಹಾಯುತ್ತದೆ. ಲೇಬಲ್ ಹತ್ತಿರ ಬರುವ ಹೊತ್ತಿಗೆ ಅದು 21 ಸೆಂ.ಮೀ.ಗೆ ಇಳಿದಿರುತ್ತದೆ. ಅಂದರೆ ಮೊದಲ ಹಾಡಿಗೆ ಸಿಕ್ಕ ಜಾಗದ ಅರ್ಧಕ್ಕಿಂತ ಕಡಿಮೆ ಜಾಗದಲ್ಲಿ ಕೊನೆಯ ಹಾಡಿನ ಅದೇ ಸದ್ದನ್ನು ತುರುಕಿರುತ್ತಾರೆ. 10,000 ಹರ್ಟ್ಜ್‌ನ ಸದ್ದು, ಸ, ಶ ಅಕ್ಷರಗಳ ತುದಿಯ ಸೀಳು ಸುಮಾರು ಅಲ್ಲೇ ಇರುವುದು, ಹೊರಗೆ 51 ಮೈಕ್ರಾನ್ ಉದ್ದದ ಅಲೆಯಾಗಿದ್ದರೆ ಒಳಗೆ 21 ಮೈಕ್ರಾನ್ ಆಗಿಬಿಡುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಇಷ್ಟು ಚಿಕ್ಕ ತಿರುವಿನಲ್ಲಿ ಮುಳ್ಳಿನ ಅಂಚು ದಪ್ಪಗಿದ್ದರೆ ಅದು ತಿರುವಿನೊಳಗೆ ಇಳಿಯುವುದೇ ಇಲ್ಲ. ಮೇಲೆ ಮೇಲೆ ಹಾರುತ್ತದೆ. ನಿಮಗೆ ಕೇಳುವ ಕರ್ಕಶ ಸದ್ದು ಅದೇ.

ಇಲ್ಲಿ ಕೆಲಸ ಮಾಡುವುದು ಮುಳ್ಳಿನ ಆಕಾರ. ನಿಮ್ಮ 2ಎಂ ರೆಡ್‌ನ ಮುಳ್ಳಿನ ಪಕ್ಕದ ಅಂಚು ಸುಮಾರು 8 ಮೈಕ್ರಾನ್. ಅಂಗಡಿಯಲ್ಲಿ ಕೇಳಿದರೆ 2ಎಂ ಬ್ಲೂ ಮುಳ್ಳು ಹಾಕಿ, ಈಗಿರುವ ಕಾರ್ಟ್ರಿಜ್‌ಗೇ ಕೂರುತ್ತದೆ ಅನ್ನುತ್ತಾರೆ. ಹೌದು, ಕೂರುತ್ತದೆ. ಬೆರಳಲ್ಲಿ ಎಳೆದು ತೆಗೆದು ಹಾಕುವ ಕೆಲಸ ಅಷ್ಟೇ. ಬ್ಲೂನಲ್ಲಿ ಇಡೀ ತುದಿ ವಜ್ರದ್ದೇ, ತೂಕ ಕಡಿಮೆ, ಚುರುಕು ಜಾಸ್ತಿ. ಆದರೆ ಅದರ ಅಂಚಿನ ಅಳತೆಯೂ 8 ಮೈಕ್ರಾನೇ. ನಿಮ್ಮ ದೊಡ್ಡ ದೂರು ಕೊನೆಯ ಹಾಡಿನದ್ದು. ಅದಕ್ಕೆ ಇನ್ನೂ ಸಣ್ಣ ಅಂಚಿನ ಮುಳ್ಳು ಬೇಕು. ಮೈಕ್ರೊಲೀನಿಯರ್ ಅಥವಾ ಶಿಬಾಟಾ ಆಕಾರ ಅಂತ ಕೇಳಿ. ಆಡಿಯೊ-ಟೆಕ್ನಿಕಾದ ವಿಎಂ95ಎಂಎಲ್ ಈ ಪೈಕಿ ಕಡಿಮೆ ಬೆಲೆಗೆ ಸಿಗುವ ಒಳ್ಳೆ ಕಾರ್ಟ್ರಿಜ್. ಅದರ ಅಂಚು ಸುಮಾರು 3 ಮೈಕ್ರಾನ್. 1,000 ಗಂಟೆ ಬಾಳುತ್ತದೆ ಅಂತ ಕಂಪನಿಯೇ ಹೇಳುತ್ತದೆ. ನಾನಾದರೆ ನಿಮಗೆ ಇದನ್ನೇ ಹೇಳುತ್ತೇನೆ. ಡೀಲರ್ ಹೇಳಿದ ಮೊತ್ತದ ಪಕ್ಕದಲ್ಲಿಟ್ಟರೆ ಇದರ ಬೆಲೆ ಲೆಕ್ಕಕ್ಕೇ ಬರುವುದಿಲ್ಲ.

ಸಣ್ಣ ಅಂಚಿನ ಮುಳ್ಳಿಗೆ ಇನ್ನೊಂದು ಗುಣವಿದೆ. ನಿಮ್ಮ ವಿಷಯದಲ್ಲಿ ಅದು ಮುಖ್ಯ. ಪೆಟ್ಟಿಗೆ ಪ್ಲೇಯರ್‌ಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಕಾರ್ಟ್ರಿಜ್ ಇರುತ್ತಿತ್ತು. ಇವತ್ತಿನ ಕಾರ್ಟ್ರಿಜ್ 2 ಗ್ರಾಂ ಆಸುಪಾಸಿನ ಭಾರ ಹಾಕಿದರೆ, ಅವು ಅದರ ಎರಡು ಮೂರು ಪಟ್ಟು ಭಾರ ಹಾಕುತ್ತಿದ್ದವು. ಮುಳ್ಳು ದುಂಡಗೆ, ದಪ್ಪಗೆ. ಅವು ಗ್ರೂವ್‌ನ ಗೋಡೆಯನ್ನು ಒಂದು ಎತ್ತರದಲ್ಲಿ ಸವೆಸಿರುತ್ತವೆ. ಮೈಕ್ರೊಲೀನಿಯರ್ ಮುಳ್ಳು ಗೋಡೆಯ ಮೇಲೆ ಉದ್ದಕ್ಕೆ ತಾಗುತ್ತದೆ. ಹಳೆಯ ಮುಳ್ಳು ಮುಟ್ಟದ ಭಾಗವನ್ನೂ ಓದುವ ಸಾಧ್ಯತೆ ಇದೆ. ಎಲ್ಲಾ ರೆಕಾರ್ಡ್‌ಗಳಲ್ಲೂ ಹೀಗಾಗುತ್ತದೆ ಎಂದು ಆಸೆ ಇಟ್ಟುಕೊಳ್ಳಬೇಡಿ. ಕೆಲವು ರೆಕಾರ್ಡ್‌ಗಳಲ್ಲಿ ವ್ಯತ್ಯಾಸ ಮೊದಲ ನಿಮಿಷದಲ್ಲೇ ಗೊತ್ತಾಗುತ್ತದೆ.

ಕಾರ್ಟ್ರಿಜ್ ಬದಲಾಯಿಸಿದರೆ ಅದನ್ನು ಸರಿಯಾಗಿ ಕೂರಿಸಬೇಕು. ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ರೆಕಾರ್ಡ್ ಕೊರೆಯುವಾಗ ಕೊರೆಯುವ ಮೊನೆ ಅಂಚಿನಿಂದ ಮಧ್ಯಕ್ಕೆ ನೇರ ಗೆರೆಯಲ್ಲಿ ಸಾಗುತ್ತದೆ. ನಮ್ಮ ಟೋನ್‌ಆರ್ಮ್, ಅಂದರೆ ಕಾರ್ಟ್ರಿಜ್ ಹೊತ್ತ ತೋಳು, ಒಂದು ಕಡೆ ಗೂಟಕ್ಕೆ ಕಟ್ಟಿಕೊಂಡು ಕಮಾನಿನ ಹಾಗೆ ಸಾಗುತ್ತದೆ. ಹಾಗಾಗಿ ಇಡೀ ಬದಿಯಲ್ಲಿ ಎರಡೇ ಎರಡು ಜಾಗಗಳಲ್ಲಿ ಮುಳ್ಳು ಗ್ರೂವ್‌ಗೆ ನೂರಕ್ಕೆ ನೂರು ನೇರವಾಗಿ ನಿಲ್ಲುತ್ತದೆ. ಜಾಸ್ತಿ ಬಳಕೆಯಲ್ಲಿರುವ ಲೆಕ್ಕದ ಪ್ರಕಾರ ಅವು ಮಧ್ಯದ ಗೂಟದಿಂದ 66 ಮತ್ತು 121 ಮಿ.ಮೀ. ದೂರದಲ್ಲಿರುತ್ತವೆ. ಕಾರ್ಟ್ರಿಜ್ ಒಂದೆರಡು ಮಿಲಿಮೀಟರ್ ಹಿಂದೆ ಮುಂದೆ ಕೂತರೆ ಒಳಗಿನ ಹಾಡುಗಳೇ ಮೊದಲು ಕೆಡುತ್ತವೆ. ಟರ್ನ್‌ಟೇಬಲ್ ಜೊತೆ ಬಂದ ಅಳತೆಯ ಕಾರ್ಡ್ ಇದ್ದರೆ ತೆಗೆಯಿರಿ. ಒಂದು ಡಿಜಿಟಲ್ ತೂಕದ ಸಾಧನ ಕೊಳ್ಳಿ. ಕಾರ್ಟ್ರಿಜ್ ತಯಾರಕರು ಹೇಳಿದಷ್ಟೇ ಭಾರ ಇಡಿ. 2ಎಂ ರೆಡ್‌ಗೆ ಅದು 1.8 ಗ್ರಾಂ, ವಿಎಂ95 ಸರಣಿಗೆ 2 ಗ್ರಾಂ. ಭಾರ ಕಡಿಮೆ ಇಟ್ಟರೆ ರೆಕಾರ್ಡ್ ಉಳಿಯುತ್ತದೆ ಅನ್ನುವುದು ತಪ್ಪು ನಂಬಿಕೆ. ಕಡಿಮೆಯಾದರೆ ಮುಳ್ಳು ಗ್ರೂವ್‌ನಲ್ಲಿ ಕುಣಿಯುತ್ತದೆ. ಆ ಕುಣಿತವೇ ಗೋಡೆಯನ್ನು ಹಾಳು ಮಾಡುವುದು.

ಇನ್ನು ವೀಣೆಯ ವಿಷಯ. ನಿಮ್ಮ ಕಿವಿ ಇದನ್ನು ಹಿಡಿದದ್ದು ನನಗೆ ಆಶ್ಚರ್ಯವಲ್ಲ. ಹಿಂದೆ ತಂಬೂರಿ ಸದಾ ಮೀಟುತ್ತಿರುವ ಸಂಗೀತ ನಮ್ಮದು. ಶ್ರುತಿ ಒಂದಿಷ್ಟು ಅಲುಗಿದರೂ ತಂಬೂರಿಯೇ ಅದನ್ನು ಹೇಳಿಬಿಡುತ್ತದೆ. ಡ್ರಮ್ಸ್, ಗಿಟಾರ್ ತುಂಬಿದ ಪಾಪ್ ರೆಕಾರ್ಡ್‌ನಲ್ಲಿ ಇದು ಅಡಗಿಹೋಗುತ್ತದೆ. ವೈಣಿಕ ದೊರೆಸ್ವಾಮಿ ಅಯ್ಯಂಗಾರ್ ಅವರು ಮೀಟಿ ಬಿಟ್ಟ ಪಂಚಮದಲ್ಲಿ ಅಡಗುವುದಿಲ್ಲ.

ಪತ್ತೆ ಮಾಡುವುದು ಹೀಗೆ. ಅಲುಗಾಟ ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅಂತ ಎಣಿಸಿ. ಎಲ್‌ಪಿ ಒಂದು ಸುತ್ತು ಹೋಗಲು 1.8 ಸೆಕೆಂಡ್ ಬೇಕು. ಅಲುಗಾಟ ಸರಿಯಾಗಿ ಅದೇ ತಾಳದಲ್ಲಿ ಬಂದರೆ ಟೋನ್‌ಆರ್ಮ್‌ನ ತಲೆಯನ್ನು ಎದುರಿನಿಂದ ನೋಡಿ. ಸುತ್ತಿಗೊಮ್ಮೆ ಅದು ಎಡಕ್ಕೂ ಬಲಕ್ಕೂ ತೂಗುತ್ತಿದ್ದರೆ ರೆಕಾರ್ಡ್‌ನ ಮಧ್ಯದ ತೂತೇ ಸರಿಯಾದ ಜಾಗದಲ್ಲಿಲ್ಲ ಅಂತ ಅರ್ಥ. ಇದು ತುಂಬಾ ಸಾಮಾನ್ಯ. ತೂತು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದಿದೆ ಅಂದುಕೊಳ್ಳಿ. ಲೇಬಲ್ ಹತ್ತಿರ, 60 ಮಿ.ಮೀ. ದೂರದಲ್ಲಿ, ಶ್ರುತಿ ಶೇಕಡಾ 0.8ರಷ್ಟು ಮೇಲೆ, ಅಷ್ಟೇ ಕೆಳಗೆ ಹೋಗುತ್ತದೆ. ಒಂದು ಸ್ವರಸ್ಥಾನದ ಏಳನೇ ಒಂದು ಭಾಗ ಆಚೆ, ಏಳನೇ ಒಂದು ಭಾಗ ಈಚೆ. ಇದು ಕಿವಿಗೆ ಚೆನ್ನಾಗಿ ಕೇಳುತ್ತದೆ. ಈಗ ಯಂತ್ರದ ಕಡೆ ನೋಡಿ. ಟೆಕ್ನಿಕ್ಸ್ ಎಸ್‌ಎಲ್-1200ಜಿಯಂತಹ ಬಹಳ ಒಳ್ಳೆ ಟರ್ನ್‌ಟೇಬಲ್‌ನ ವೇಗದ ಏರುಪೇರು ಶೇಕಡಾ 0.025. ನಿಮ್ಮದರಂತಹ ಯಂತ್ರದಲ್ಲಿ ಅದು ಶೇಕಡಾ 0.2ರ ಒಳಗೆ. ಅಳೆಯುವ ವಿಧಾನ ಬೇರೆಯಾದ್ದರಿಂದ ಈ ಅಂಕಿಗಳನ್ನು ನೇರವಾಗಿ ಎದುರುಬದುರು ಇಡಲಾಗದು. ಆದರೂ ಯಾವುದು ದೊಡ್ಡದು ಅನ್ನುವುದರಲ್ಲಿ ಅನುಮಾನವಿಲ್ಲ. ತೂತು ಸರಿದ ರೆಕಾರ್ಡ್ ಆ ಟೆಕ್ನಿಕ್ಸ್ ಮೇಲೂ ಅಷ್ಟೇ ಅಲುಗುತ್ತದೆ. ತೂತು ಸರಿದದ್ದನ್ನು ತಾನೇ ಅಳೆದು ರೆಕಾರ್ಡನ್ನು ಸರಿಸಿಕೊಳ್ಳುವ ಯಂತ್ರವನ್ನು ನಾಕಾಮಿಚಿ 1980ರ ದಶಕದಲ್ಲಿ ಮಾಡಿತ್ತು. ಅದು ಎಲ್ಲರ ಮನೆಗೆ ಬರುವ ವಸ್ತುವಾಗಲಿಲ್ಲ.

ಆರ್ಮ್ ತೂಗುತ್ತಿಲ್ಲ, ಆದರೂ ಎಲ್ಲಾ ರೆಕಾರ್ಡ್‌ಗಳಲ್ಲೂ ಅಲುಗಾಟ ಕೇಳುತ್ತಿದೆ. ಹಾಗಿದ್ದರೆ ಯಂತ್ರದ ಮೇಲೆ ಅನುಮಾನ ಪಡಿ. ಮೊದಲು ಬೆಲ್ಟ್. ನಾಲ್ಕು ವರ್ಷದಲ್ಲಿ ರಬ್ಬರ್ ಸಡಿಲವಾಗುತ್ತದೆ. ಹೊಸ ಬೆಲ್ಟ್ ಹಾಕಿ. ಮೋಟಾರಿನ ಪುಲ್ಲಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಫೋನಿನೊಳಗಿನ ಗೈರೊಸ್ಕೋಪ್ ಬಳಸಿ ವೇಗ ಅಳೆಯುವ ಆ್ಯಪ್‌ಗಳಿವೆ. ಫೋನನ್ನು ಪ್ಲ್ಯಾಟರ್ (ರೆಕಾರ್ಡ್ ಕೂರುವ ತಟ್ಟೆ) ಮಧ್ಯದಲ್ಲಿಟ್ಟು ತಿರುಗಿಸಿದರೆ ಸರಾಸರಿ ವೇಗವನ್ನೂ ಏರುಪೇರನ್ನೂ ತೋರಿಸುತ್ತವೆ. ಲ್ಯಾಬಿನಷ್ಟು ನಿಖರವಲ್ಲ, ಬೆಲ್ಟ್ ಬದಲಿಸುವ ಮೊದಲು, ಆಮೇಲೆ ಹೋಲಿಸಿ ನೋಡಲು ಸಾಕು. ಹೊಸ ಬೆಲ್ಟ್ ಹಾಕಿದ ಮೇಲೂ, ತೂತು ಸರಿಯಿರುವ ರೆಕಾರ್ಡ್‌ನಲ್ಲೂ, ವೀಣೆ ಅಲುಗಿದರೆ ಆಗ ಒಳ್ಳೆಯ ಟರ್ನ್‌ಟೇಬಲ್ ಕೇಳಲು ನಿಮ್ಮಲ್ಲಿ ನಿಜವಾದ ಕಾರಣ ಇದೆ.

ಗುಂಯ್ ಸದ್ದು ಸುಲಭ. ಮುಳ್ಳು ಎತ್ತಿ, ಮೋಟಾರ್ ನಿಲ್ಲಿಸಿ, ವಾಲ್ಯೂಮ್ ಏರಿಸಿ. ಸದ್ದು ಹಾಗೇ ಇದ್ದರೆ ಅದು ವಿದ್ಯುತ್ತಿನ ಹಮ್, ಟರ್ನ್‌ಟೇಬಲ್‌ನ ಬೇರಿಂಗ್‌ಗೂ ಅದಕ್ಕೂ ಸಂಬಂಧವಿಲ್ಲ. ಟರ್ನ್‌ಟೇಬಲ್‌ನಿಂದ ಆಂಪ್ಲಿಫೈಯರ್‌ಗೆ ಹೋಗುವ ಅರ್ಥಿಂಗ್ ತಂತಿಯ ಸ್ಕ್ರೂ ಬಿಗಿ ಇದೆಯಾ ನೋಡಿ. ಗೋಡೆಯ ಸಾಕೆಟ್‌ನ ಮೂರನೇ ಪಿನ್‌ನಲ್ಲಿ ನಿಜವಾಗಿ ಅರ್ಥಿಂಗ್ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ನೋಡಿಸಿ. ಹಳೆಯ ಮನೆಗಳಲ್ಲಿ ಎಷ್ಟೋ ಸಲ ಅದು ಹೆಸರಿಗೆ ಮಾತ್ರ ಇರುತ್ತದೆ. ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರ್‌ನಿಂದ ಕಾರ್ಟ್ರಿಜ್ ದೂರವಿರಲಿ. ಮುಳ್ಳು ರೆಕಾರ್ಡ್ ಮೇಲೆ ಕೂತಾಗ ಮಾತ್ರ ಸದ್ದು ಬರುತ್ತದೆ ಅಂದರೆ ಕಥೆ ಬೇರೆ. ಟರ್ನ್‌ಟೇಬಲ್, ಸ್ಪೀಕರ್ ಎರಡನ್ನೂ ಒಂದೇ ಶೋಕೇಸ್ ಮೇಲೆ ಇಟ್ಟಿದ್ದೀರಾ? ಸ್ಪೀಕರಿನ ಅದುರು ಮರದ ಮೂಲಕ ಮುಳ್ಳಿಗೆ ಬಂದು ಮತ್ತೆ ಸ್ಪೀಕರಿಗೇ ಹೋಗುತ್ತದೆ. ಎರಡನ್ನೂ ಬೇರೆ ಬೇರೆ ಮಾಡಿ. ಟರ್ನ್‌ಟೇಬಲನ್ನು ಗೋಡೆಗೆ ಹೊಡೆದ ಶೆಲ್ಫ್ ಮೇಲೇ ಇಡಬೇಕು ಅನ್ನುವ ಸಲಹೆ ಇಂಗ್ಲೆಂಡಿನ ಮರದ ನೆಲದ ಮನೆಗಳಿಂದ ಬಂದದ್ದು. ನಮ್ಮ ಕಾಂಕ್ರೀಟ್ ನೆಲ, ರೆಡ್ ಆಕ್ಸೈಡ್ ನೆಲ ನಡೆದರೆ ಕುಣಿಯುವುದಿಲ್ಲ. ಗಟ್ಟಿಯಾದ, ಭಾರದ ಮೇಜು ಸಾಕು. ಮರದ ಹಲಗೆಯ ಅಟ್ಟದ ಮೇಲೆ ಕೋಣೆ ಮಾಡಿಕೊಂಡವರಿಗೆ ಮಾತ್ರ ಗೋಡೆಯ ಶೆಲ್ಫ್ ಬೇಕು.

ಚಟಪಟಕ್ಕೆ ಮದ್ದು ತೊಳೆಯುವುದು. ಕೊಳವೆ ಬಾವಿಯ ಗಡಸು ನೀರು ಮಾತ್ರ ಬೇಡವೇ ಬೇಡ. ಅದರ ಉಪ್ಪು ಗ್ರೂವ್‌ನಲ್ಲೇ ಒಣಗಿ ಕೂರುತ್ತದೆ. ಡಿಸ್ಟಿಲ್ಡ್ ವಾಟರ್ ಬಳಸಿ, ರೆಕಾರ್ಡ್‌ಗೆಂದೇ ಸಿಗುವ ಶುದ್ಧೀಕರಣ ದ್ರವ ಒಂದಿಷ್ಟು ಬೆರೆಸಿ. ಮೃದುವಾದ ಬ್ರಷ್ಷನ್ನು ಗ್ರೂವ್ ಹೋದ ದಿಕ್ಕಿನಲ್ಲೇ ಸುತ್ತಿಸಿ. ಲೇಬಲ್ ನೆನೆಯಬಾರದು. ಬಿಸಿಲಿಗೆ ಇಟ್ಟರೆ ಬಾಗುತ್ತದೆ, ನೆರಳಲ್ಲಿ ಒಣಗಿಸಿ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಕೂತಿದ್ದ ರೆಕಾರ್ಡ್‌ಗಳಿಗೆ ಬಿಳಿ ಬೂಷ್ಟು ಹಿಡಿದಿರುತ್ತದೆ. ಅಂಥವನ್ನು ತೊಳೆದು ಮತ್ತೆ ಹಳೆಯ ಒಳಕವರಿಗೇ ಹಾಕಿದರೆ ಬೂಷ್ಟು ವಾಪಸ್ ಬರುತ್ತದೆ. ಹೊಸ ಒಳಕವರ್ ತರಿಸಿ. ನೀರು ಹಾಕಿ ವ್ಯಾಕ್ಯೂಮಿನಲ್ಲಿ ಹೀರುವ ಯಂತ್ರಗಳೂ ಸಿಗುತ್ತವೆ. 300 ಎಲ್‌ಪಿ ಇರುವವರಿಗೆ ಅದು ಐಷಾರಾಮವಲ್ಲ. ನನ್ನ ಪ್ರಕಾರ ನಿಮ್ಮ ಹಣದಲ್ಲಿ ಮೊದಲ ಪಾಲು ಮುಳ್ಳಿಗೆ, ಎರಡನೆಯದು ಇಂತಹ ಯಂತ್ರಕ್ಕೆ ಹೋಗಬೇಕು.

ಇಷ್ಟೂ ಮಾಡಿದ ಮೇಲೆ ನಾಲ್ಕೂವರೆ ಲಕ್ಷದ ಪ್ರಶ್ನೆಗೆ ಬರೋಣ. ಡೀಲರ್ ಹೇಳಿದ್ದರಲ್ಲಿ ಹುರುಳಿಲ್ಲ ಅಂತಲ್ಲ. ಸ್ಕಾಟ್ಲೆಂಡಿನ ಲಿನ್ ಕಂಪನಿ 1970ರ ದಶಕದ ಶುರುವಿನಲ್ಲಿ ಸೋಂಡೆಕ್ ಎಲ್‌ಪಿ12 ಟರ್ನ್‌ಟೇಬಲ್ ಮಾಡಿದಾಗ ಕಂಪನಿ ಕಟ್ಟಿದ ಐವರ್ ಟೀಫೆನ್‌ಬ್ರುನ್ ಒಂದು ವಾದ ಮುಂದಿಟ್ಟರು: ಮೂಲದಲ್ಲಿ ಕಳೆದುಹೋದದ್ದನ್ನು ಮುಂದೆ ಯಾವ ಆಂಪ್ಲಿಫೈಯರೂ, ಯಾವ ಸ್ಪೀಕರೂ ವಾಪಸ್ ತರಲಾರದು. ಅಲ್ಲಿಯವರೆಗೆ ಜನ ದುಡ್ಡೆಲ್ಲ ಸ್ಪೀಕರಿಗೆ ಸುರಿಯುತ್ತಿದ್ದರು. ವಾದ ಸರಿಯೇ. ಆದರೆ ಮೂಲ ಅನ್ನುವುದು ಶುರುವಾಗುವುದು ಗ್ರೂವ್‌ಗೆ ಮುಳ್ಳು ತಾಗುವ ಜಾಗದಲ್ಲಿ, ಪ್ಲ್ಯಾಟರ್‌ನ ಹೊಳಪಿನಲ್ಲಲ್ಲ. ಸವೆದ ಮುಳ್ಳು ಹಾಕಿದ ಎಲ್‌ಪಿ12 ನಿಮ್ಮ ಡೆಬ್ಯೂಗೆ ಹೊಸ ಮುಳ್ಳು ಹಾಕಿದಷ್ಟು ಚೆನ್ನಾಗಿ ನುಡಿಯುವುದಿಲ್ಲ.

ದುಬಾರಿ ಯಂತ್ರದಲ್ಲಿ ನಿಜವಾಗಿ ಸಿಗುವುದು ಮೂರು ವಿಷಯ, ಅದರಲ್ಲೂ ಆರ್ಮ್ ಮುಖ್ಯ. ಒಳ್ಳೆ ಟೋನ್‌ಆರ್ಮ್‌ನ ಬೇರಿಂಗ್‌ನಲ್ಲಿ ಸಡಿಲವೂ ಇಲ್ಲ, ತಿಕ್ಕಾಟವೂ ಇಲ್ಲ. ಕಾರ್ಟ್ರಿಜ್ ಅಲುಗದೆ ನಿಂತರೆ ಮುಳ್ಳಿನ ಅಲುಗಾಟ ಪೂರ್ತಿ ಸದ್ದಾಗುತ್ತದೆ. ಮೃದಂಗದ ಎಡದ ಗುಂಕಿ, ಅಂದರೆ ಆಳದ ಗುಮ್ ಸದ್ದು, ಒಂದು ಮುದ್ದೆಯಾಗಿ ಕೇಳದೆ, ಬೆರಳು ಬಿದ್ದದ್ದು ಬೇರೆ, ತೊಪ್ಪಿಯ (ಎಡದ ಮುಚ್ಚಿಗೆಯ) ಅನುರಣನ ಬೇರೆ ಅಂತ ಬಿಡಿಸಿ ಕೇಳುತ್ತದೆ. ನನಗೆ ಒಳ್ಳೆ ಆರ್ಮ್ ಅನ್ನು ಗುರುತಿಸುವ ಗುರುತು ಇದೇ. ಇನ್ನು ಪ್ಲ್ಯಾಟರ್‌ನ ಬೇರಿಂಗ್ ಮೌನವಾಗಿರುತ್ತದೆ, ಮೋಟಾರಿನ ಅದುರು ಮುಳ್ಳಿಗೆ ತಲುಪುವುದಿಲ್ಲ. ಮತ್ತೆ ವೇಗ. ಇವು ನಿಜವಾದ ಲಾಭಗಳೇ. ಚಿಕ್ಕ ಸ್ಪೀಕರ್, ಖಾಲಿ ಗೋಡೆ, ಟೈಲ್ಸ್ ನೆಲದ ಕೋಣೆಯಲ್ಲಿ ಇವುಗಳಲ್ಲಿ ಅರ್ಧ ಕೇಳಿಸುವುದೇ ಇಲ್ಲ. ನೆಲಕ್ಕೊಂದು ದಪ್ಪ ಜಮಖಾನೆ ಹಾಸಿ, ಕಿಟಕಿಗೆ ದಪ್ಪ ಪರದೆ ಹಾಕಿ ಒಮ್ಮೆ ಕೇಳಿ ನೋಡಿ.

ಬೆಲೆಪಟ್ಟಿಯಲ್ಲಿ ಕಾಣದ ಖರ್ಚೂ ಇದೆ. ಆ ಮಟ್ಟದ ಟರ್ನ್‌ಟೇಬಲ್ ಜೊತೆ ಡೀಲರ್‌ಗಳು ಮೂವಿಂಗ್ ಕಾಯಿಲ್ (ಒಳಗೆ ಅಯಸ್ಕಾಂತದ ಬದಲು ತಂತಿಸುರುಳಿ ಅಲುಗುವ) ಕಾರ್ಟ್ರಿಜ್ ಹಾಕಿಕೊಡುವುದು ಮಾಮೂಲು. ನಿಮ್ಮ ಈಗಿನ ಕಾರ್ಟ್ರಿಜ್ ಸುಮಾರು 5 ಮಿಲಿವೋಲ್ಟ್ ಕೊಟ್ಟರೆ ಅದು 0.3 ಮಿಲಿವೋಲ್ಟ್ ಆಸುಪಾಸಿನಲ್ಲಿ ಕೊಡುತ್ತದೆ. ನಿಮ್ಮ ಆಂಪ್ಲಿಫೈಯರ್‌ನ ಒಳಗಿನ ಫೋನೊಗೆ ಅದು ಸಾಲದೆ ಬೇರೆ ಫೋನೊ ಸ್ಟೇಜ್ ಕೊಳ್ಳಬೇಕಾಗಬಹುದು. ಅದರ ಮುಳ್ಳು ಸವೆದರೆ ನೀವೇ ಎಳೆದು ಬದಲಿಸಲಾಗುವುದಿಲ್ಲ. ಇಡೀ ಕಾರ್ಟ್ರಿಜ್ಜನ್ನೇ ಕೊಟ್ಟು ಹೊಸದು ತಗೊಳ್ಳಬೇಕು, ಇಲ್ಲವೇ ಹೊರದೇಶಕ್ಕೆ ಕಳಿಸಿ ಹೊಸ ಮುಳ್ಳು ಕೂರಿಸಬೇಕು. ಕೊರಿಯರ್, ಕಸ್ಟಮ್ಸ್, ತಿಂಗಳುಗಟ್ಟಲೆ ಕಾಯುವುದು. ದಿನಾ ಕೇಳುವ ನಿಮಗೆ ಇದು ನಾಲ್ಕು ವರ್ಷಕ್ಕೊಮ್ಮೆ ಬರುವ ಖರ್ಚು. ಹೈ-ಎಂಡ್ ಟರ್ನ್‌ಟೇಬಲ್ ಕೊಂಡರೂ ಮುಳ್ಳು ಬದಲಿಸಬಹುದಾದ, ನಿಮ್ಮ ಈಗಿನದರಂತಹ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಜ್‌ನಲ್ಲೇ ಇರಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕೇಳಿ ನೋಡಿ ಕೊಳ್ಳುತ್ತೇನೆ ಅಂದರೆ ಹೀಗೆ ಮಾಡಿ. ನಿಮಗೆ ಬಾಯಿಪಾಠವಾದ ಎರಡು ರೆಕಾರ್ಡ್ ಜೊತೆಗೆ ಒಯ್ಯಿರಿ, ತೊಳೆದು ಒಯ್ಯಿರಿ. ಒಂದು ವೀಣೆಯದೋ ಪಿಟೀಲಿನದೋ ಇರಲಿ, ಒಂದು ಹಾಡುಗಾರಿಕೆ ಇರಲಿ. ಹೊಸ ಟರ್ನ್‌ಟೇಬಲ್‌ಗೂ, ನಿಮ್ಮದರ ಮಟ್ಟದ ಒಂದು ಟರ್ನ್‌ಟೇಬಲ್‌ಗೂ ಒಂದೇ ಮಾದರಿಯ ಕಾರ್ಟ್ರಿಜ್ ಹಾಕಿಸಿ ಅಂತ ಕೇಳಿ. ಸಾಮಾನ್ಯವಾಗಿ ದುಬಾರಿ ಯಂತ್ರಕ್ಕೆ ದುಬಾರಿ ಕಾರ್ಟ್ರಿಜ್ ಹಾಕಿ ಕೇಳಿಸುತ್ತಾರೆ. ಆಗ ನೀವು ಮೆಚ್ಚುವುದು ಯಾವುದನ್ನು ಅಂತ ನಿಮಗೇ ಗೊತ್ತಾಗುವುದಿಲ್ಲ. ಇನ್ನೂ ಒಳ್ಳೆಯದು, ಎರಡರ ಸದ್ದನ್ನೂ 24 ಬಿಟ್‌ನಲ್ಲಿ ಕಂಪ್ಯೂಟರಿಗೆ ರೆಕಾರ್ಡ್ ಮಾಡಿಕೊಂಡು ಬನ್ನಿ. ಎರಡರ ಜೋರನ್ನೂ ಸಮ ಮಾಡಿ. ಒಂದಿಷ್ಟು ಜೋರಾಗಿರುವುದು ಕಿವಿಗೆ ಯಾವಾಗಲೂ ಉತ್ತಮ ಅನಿಸಿಬಿಡುತ್ತದೆ. ಯಾವುದು ಯಾವುದೆಂದು ಹೇಳದೆ ಮನೆಯವರ ಕೈಲಿ ಹಾಕಿಸಿ ಕೇಳಿ. ಹತ್ತರಲ್ಲಿ ಒಂಬತ್ತು ಸಲ ಗುರುತಿಸಿದರೆ, ಗುರುತಿಸಿದ್ದು ಇಷ್ಟವೂ ಆದರೆ, ದುಡ್ಡು ಕೊಡಿ. ಆಗ ನಾನು ಬೇಡ ಅನ್ನುವುದಿಲ್ಲ.

ಕೊಳ್ಳುವ ಹಂತಕ್ಕೆ ಬಂದರೆ ಯಾವ ಬಗೆಯದು? ಮೂರು ದಾರಿಗಳಿವೆ. ಸ್ಪ್ರಿಂಗ್ ಮೇಲೆ ತೇಲುವ ಬೆಲ್ಟ್ ಯಂತ್ರಗಳದ್ದು ಒಂದು. ಅಮೆರಿಕದ ಎಡ್ಗರ್ ವಿಲ್ಚರ್ 1961ರಲ್ಲಿ ತಮ್ಮ ಎಆರ್ (ಅಕೌಸ್ಟಿಕ್ ರಿಸರ್ಚ್) ಕಂಪನಿಯ ಟರ್ನ್‌ಟೇಬಲ್‌ನಲ್ಲಿ ತೋರಿಸಿದ ದಾರಿ, ಎಲ್‌ಪಿ12 ಕೂಡ ಅದೇ ವಂಶ. ಸದ್ದು ಬಲು ಇಂಪು. ಆದರೆ ಸ್ಪ್ರಿಂಗ್‌ಗಳನ್ನು ಆಗಾಗ ಪಳಗಿದ ಕೈ ಹೊಂದಿಸಬೇಕು. ಮೈಸೂರಿನಲ್ಲಿ ಕೂತು ಆ ಕೈಗಾಗಿ ಕಾಯುವುದು ಕಷ್ಟ. ಹಗುರ ಆದರೆ ಗಟ್ಟಿ ಅನ್ನುವ, ಇಂಗ್ಲೆಂಡಿನ ರೆಗಾ ಕಂಪನಿಯ ದಾರಿ ಇನ್ನೊಂದು. ಸರಳ, ಕೆಡುವುದು ಕಮ್ಮಿ, ಆರ್ಮ್ ಬಹಳ ಚೆನ್ನ. ಮೂರನೆಯದು ಡೈರೆಕ್ಟ್ ಡ್ರೈವ್, ಮೋಟಾರೇ ನೇರವಾಗಿ ಪ್ಲ್ಯಾಟರ್ ತಿರುಗಿಸುವುದು. 1970ರಲ್ಲಿ ಟೆಕ್ನಿಕ್ಸ್ ಎಸ್‌ಪಿ-10ರಿಂದ ಶುರುವಾದದ್ದು. 2010ರಲ್ಲಿ ನಿಂತುಹೋದ ಟೆಕ್ನಿಕ್ಸ್ ಎಸ್‌ಎಲ್-1200 ಸರಣಿ 2016ರಲ್ಲಿ ಹೊಸ ಮೋಟಾರಿನೊಂದಿಗೆ ವಾಪಸ್ ಬಂತು. ಬೆಲ್ಟ್ ಇಲ್ಲ, ವೇಗ ಬಿಗಿ. 1200ಜಿ, 1200ಜಿಆರ್ ಮಾದರಿಗಳಲ್ಲಿ 78 ಕೂಡ ಇದೆ, ಆರ್ಮ್‌ನ ತಲೆಯನ್ನು ತಿರುಪಿ ಬಿಚ್ಚಿ ಇನ್ನೊಂದು ಹಾಕಬಹುದು. ತಂಬೂರಿ ಇರುವ ಸಂಗೀತ, ಇಪಿ, 78, ಮೂರೂ ಇರುವ ನಿಮ್ಮ ಮನೆಗೆ ನಾನು ಇದನ್ನೇ ಆರಿಸುತ್ತೇನೆ.

ನ್ಯೂಜೆರ್ಸಿಯ ಟರ್ನ್‌ಟೇಬಲ್ ಬಗ್ಗೆ ಹುಷಾರು. ಅಮೆರಿಕದ ವಿದ್ಯುತ್ತು 120 ವೋಲ್ಟ್, 60 ಹರ್ಟ್ಜ್. ನಮ್ಮದು 230 ವೋಲ್ಟ್, 50 ಹರ್ಟ್ಜ್. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟ್ ಇಳಿಸುತ್ತದೆ, ಹರ್ಟ್ಜ್ ಬದಲಿಸುವುದಿಲ್ಲ. ಹಳೆಯ ಬೆಲ್ಟ್ ಯಂತ್ರಗಳಲ್ಲಿ ಹೆಚ್ಚಿನವುಗಳ ಮೋಟಾರ್ ತಿರುಗುವುದು ಆ ಹರ್ಟ್ಜ್ ಲೆಕ್ಕದಲ್ಲೇ. ಅದನ್ನು ಇಲ್ಲಿ ಹಾಕಿದರೆ 33⅓ ಬದಲು 27.8 ಸುತ್ತು ತಿರುಗುತ್ತದೆ. ಐದು ಮನೆ ಶ್ರುತಿಯ ಹಾಡು ಮೂರು ಮನೆಗೂ ಕೆಳಗೆ ಇಳಿಯುತ್ತದೆ. 50 ಹರ್ಟ್ಜ್‌ನ ಪುಲ್ಲಿ ಸಿಗುವ ಮಾದರಿಯಾದರೆ, ಇಲ್ಲವೇ ಗೋಡೆಯ ಅಡಾಪ್ಟರ್‌ನಿಂದ ಡಿಸಿ ತಗೊಳ್ಳುವ ಮಾದರಿಯಾದರೆ ತೊಂದರೆಯಿಲ್ಲ. ಮೋಟಾರಿನ ಮೇಲಿನ ಚೀಟಿಯ ಫೋಟೊ ಕಳಿಸಲು ಅವನಿಗೆ ಹೇಳಿ. ತರಿಸುವುದೇ ಆದರೆ ಪ್ಲ್ಯಾಟರ್ ಬಿಚ್ಚಿ ಬೇರೆ ಕಟ್ಟಿಸಿ, ಆರ್ಮ್‌ನ ಹಿಂದಿನ ಭಾರ ತೆಗೆಸಿ, ಮುಳ್ಳನ್ನು ಕಳಚಿಸಿ.

78ರ ಪ್ಲೇಟುಗಳ ಬಗ್ಗೆ ನೀವು ಏನೂ ಕೇಳಿಲ್ಲ, ಆದರೆ ಹೇಳಲೇಬೇಕು. ಅವಕ್ಕೆ ಎಲ್‌ಪಿ ಮುಳ್ಳು ಹಾಕಬೇಡಿ. ಅವುಗಳ ಗ್ರೂವ್ ಮೂರ್ನಾಲ್ಕು ಪಟ್ಟು ಅಗಲ. ಎಲ್‌ಪಿಯ ಮುಳ್ಳು ತಳಕ್ಕೆ ಬಿದ್ದು ಕಸದಲ್ಲಿ ಉರುಳಾಡುತ್ತದೆ, ತಾನೂ ಹಾಳಾಗುತ್ತದೆ. 75 ಮೈಕ್ರಾನ್ ಆಸುಪಾಸಿನ ದುಂಡನೆಯ ಮುಳ್ಳು ಬೇಕು. ನೀವು ವಿಎಂ95 ಸರಣಿಗೆ ಹೋದರೆ ವಿಎಂ95ಎಸ್‌ಪಿ ಅನ್ನುವ 78ರ ಮುಳ್ಳು ಅದೇ ಕಾರ್ಟ್ರಿಜ್‌ಗೆ ಕೂರುತ್ತದೆ. ಅದಕ್ಕೆ ಭಾರ ಜಾಸ್ತಿ ಇಡಬೇಕು, ಚೀಟಿಯಲ್ಲಿ ಬರೆದಿರುತ್ತದೆ. ನಿಮ್ಮ ಇವೊದಲ್ಲಿ 78 ತಿರುಗಿಸಲು ಬೇರೆ ಬೆಲ್ಟ್ ಜೊತೆಗೇ ಬಂದಿರಬೇಕು, ಡಬ್ಬಿಯಲ್ಲಿ ಹುಡುಕಿ. ಆ ಪ್ಲೇಟುಗಳನ್ನು ತೊಳೆಯುವ ನೀರಿಗೆ ಆಲ್ಕೋಹಾಲ್ ಒಂದು ಹನಿಯೂ ಬೀಳಬಾರದು. ಅವು ವಿನೈಲ್ ಅಲ್ಲ, ಅರಗು. ಆಲ್ಕೋಹಾಲ್ ತಾಗಿದರೆ ಕರಗುತ್ತದೆ.